ವೈಪರಿಗೆ ಬಿದ್ದ ನನ್ನ ಕತ್ತರಿ

ಸಿದ್ದಾಪುರದಿಂದ ಶಿರಸಿ ಮೇಲೆ ಯಲ್ಲಾಪುರಕ್ಕೆ ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರ್. ಬಸ್ಸಿನಲ್ಲಿ ಕೂತು ನೂರು ಸಲ ಹೋಗಿದ್ದೇನೆ. ನಾನೇ ಸ್ಟಿಯರಿಂಗ್ ಹಿಡಿದು ಒಬ್ಬಳೇ ಹೋದದ್ದು ಈ ಜೂನಿನ ಒಂದು ಶುಕ್ರವಾರ. ಲೈಸೆನ್ಸ್ ಬಂದು ಆಗ ಹತ್ತು ತಿಂಗಳು, ನನಗೆ ಐವತ್ತೆರಡು ವರ್ಷ. ನಾನು ಟೇಲರ್. ಹಿಂದಿನ ಸೀಟಿನಲ್ಲಿ ಹನ್ನೊಂದು ಹೊಸ ಬಟ್ಟೆ, ಬೆಡ್‌ಶೀಟಿನಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದೆ. ಯಲ್ಲಾಪುರದ ಜುಬೇದಾ ನನ್ನ ಇಪ್ಪತ್ತು ವರ್ಷದ ಗಿರಾಕಿ. ಅವಳ ಮಗಳು ಶಾಹೀನಳಿಗೆ ಅವತ್ತು ನಿಶ್ಚಿತಾರ್ಥ. ನಾಲ್ಕು ಗಂಟೆಗೆ ಗಂಡಿನ ಕಡೆಯವರು ಬರುತ್ತಾರೆ, ಹುಡುಗಿ ತೊಡಬೇಕಾದ ಅಗಲ ಘೇರಿನ ಶರಾರ ನನ್ನ ಕಾರಿನಲ್ಲಿ! ಜರಿ ಬಟ್ಟೆ ತಡವಾಗಿ ಬಂದು, ಕೊನೆಯ ಅಂಚು ಮುಗಿದದ್ದೇ ಹಿಂದಿನ ಸಂಜೆ.

"ಮಳೆ ಬಪ್ಪಂಗಿದ್ದು. ಆನೂ ಬರ್ತೆ," ಅಂದರು ನಮ್ಮನೆಯವರು, ಚಪ್ಪಲಿ ಮೆಟ್ಟಿಕೊಂಡೇ.

"ಎಂತಕ್ಕೆ? ಪಕ್ಕದಲ್ಲಿ ಕೂತು ಬ್ರೇಕು ಬ್ರೇಕು ಹೇಳಲಿಕ್ಕಾ?" ಅಂದೆ. ಅವರು ಚಪ್ಪಲಿ ಬಿಟ್ಟರು. ಹತ್ತಕ್ಕೆ ಹೊರಟೆ.

ಇಲ್ಲಿ ನನ್ನದೊಂದು ಬುದ್ಧಿವಂತಿಕೆಯ ಕಥೆ ಹೇಳಬೇಕು. ದೀಪಾವಳಿ ಕಳೆದ ಮೇಲೆ ವೈಪರ್‌ನ ಕೆಲಸ ಏನು? ಬಿಸಿಲಿಗೆ ರಬ್ಬರ್ ಒಡೆಯುತ್ತದೆ ಎಂದು ಎರಡನ್ನೂ ಬಿಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಜೋಪಾನ ಮಾಡಿದ್ದೆ. ನಮ್ಮಲ್ಲಿ ಒಣಗಿರಬೇಕಾದದ್ದೆಲ್ಲ ಹೋಗುವುದು ಅಲ್ಲಿಗೇ: ಕಂಬಳಿ, ಬುಟ್ಟಿ, ಹಪ್ಪಳದ ಡಬ್ಬಿ. ಏಳು ತಿಂಗಳು ಹೊಗೆ ಕುಡಿದ ವೈಪರನ್ನು ಹಿಂದಿನ ದಿನ ಇಳಿಸಿ, ಒರೆಸಿ, ಸಿಕ್ಕಿಸಿದ್ದೆ. ಮಾಡಿ ಬೀಗಿದ್ದೆ ಕೂಡ.

ಕಾನಸೂರು ದಾಟುವಾಗ ಮಳೆ ಹೊಡೆಯಿತು. ವೈಪರ್ ಒತ್ತಿದೆ. ಅಯ್ಯೋ, ಆ ಶಬ್ದ! ಗಾಜಿನ ಮೇಲೆ ಯಾರೋ ತೆಂಗಿನ ಗರಟ ತಿಕ್ಕಿದ ಹಾಗೆ. ನೀರು ಹೋಗಲಿಲ್ಲ, ಬದಲಿಗೆ ಕಪ್ಪು ಮಸಿ ಅಡ್ಡಡ್ಡ ಬಳಿಯಿತು. ಇಳಿದು ಮುಟ್ಟಿ ನೋಡಿದರೆ ರಬ್ಬರ್ ಒಣ ಕಡ್ಡಿಯಾಗಿ ಕೂತಿದೆ. ಸೆರಗಿನಿಂದ ಗಾಜು ಒರೆಸಿದೆ, ಸ್ವಲ್ಪ ದೂರ ಹೋದೆ, ಮತ್ತೆ ನಿಲ್ಲಿಸಿ ಒರೆಸಿದೆ. ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು. ಒಂದು ತಾಸಿನ ದಾರಿಗೆ ಎರಡೂ ಕಾಲು ತಾಸು ತೆಗೆದುಕೊಂಡು ಶಿರಸಿ ಮುಟ್ಟಿದಾಗ ಹನ್ನೆರಡೂ ಕಾಲು, ನನ್ನ ಸೀರೆ ಒದ್ದೆಮುದ್ದೆ. ಬಟ್ಟೆಯ ಗಂಟಿನ ಮೇಲೆ ಮಾತ್ರ ಒಂದು ಹನಿ ಬೀಳಲು ಬಿಟ್ಟಿರಲಿಲ್ಲ.

ಬಿಡಿಭಾಗದ ಅಂಗಡಿ ನಜೀರ್ ಎಂಬವರದು. ನನ್ನ ಹಳೇ ಕಾರು ನೋಡಿ ತಲೆ ಆಡಿಸಿದರು.

"ಇದಕ್ಕೆ ಇಡೀ ಬ್ಲೇಡ್ ಹುಬ್ಬಳ್ಳಿಯಿಂದ ತರಿಸ್ಬೇಕು ಅಕ್ಕಾ. ಬರೀ ರಬ್ಬರ್ ಪಟ್ಟಿ ಇದೆ, ಹಳೇ ಫ್ರೇಮಿಗೇ ಹಾಕ್ಬಹುದು. ಆದ್ರೆ ಹಾಕೋನು ನಮಾಜಿಗೆ ಹೋದ, ನಾನೂ ಹೊರಟೆ. ಎರಡೂವರೆಗೆ ಬನ್ನಿ."

ಎರಡೂವರೆಗೆ! ಅಲ್ಲಿಂದ ಐವತ್ತು ಕಿಲೋಮೀಟರ್, ಈ ಮಳೆಯಲ್ಲಿ ಒಂದೂವರೆ ತಾಸಿಗೆ ಕಡಿಮೆಯಿಲ್ಲ. ಶಾಹೀನ ಹಳೇ ಚೂಡಿದಾರದಲ್ಲಿ ಗಂಡಿನವರೆದುರು ಕೂರಬೇಕಾದೀತು. ಮನೆಗೆ ಫೋನ್ ಮಾಡಲೇ ಅನಿಸಿತು, ಸುಳ್ಳು ಯಾಕೆ ಹೇಳಲಿ? ಆದರೆ ಅವರು ಬಂದು ಮಾಡುವುದಾದರೂ ಏನು, ಕೊಡೆ ಹಿಡಿಯುವುದು ತಾನೇ.

"ಪಟ್ಟಿ ಕೊಡಿ. ಒಂದು ಇಕ್ಕಳ ಇಟ್ಟು ಹೋಗಿ," ಅಂದೆ.

ನಜೀರ್ ದುಡ್ಡು ಎಣಿಸಿಕೊಂಡು ಪಟ್ಟಿ ಕೊಟ್ಟರು. "ಹೋಗುವಾಗ ಇದನ್ನು ಶಟರ್ ಸಂದಿಯಿಂದ ಒಳಗೆ ತಳ್ಳಿಬಿಡಿ," ಎಂದು ಇಕ್ಕಳ ಕೊಟ್ಟು ಹೋದರು.

ಅಂಗಡಿಯ ಮಾಡಿನಡಿ ಕಾರಿನ ಮೂತಿ ತೂರಿಸಿದೆ. ವೈಪರ್ ಕೈ ಎತ್ತಿ, ಅದು ಜಾರಿ ಬಿದ್ದರೆ ಗಾಜು ಒಡೆಯಬಾರದೆಂದು ಕೆಳಗೆ ಟವೆಲ್ ಮಡಿಸಿಟ್ಟೆ. ಫ್ರೇಮ್ ಬಿಚ್ಚುವುದು ಹಿಂದಿನ ದಿನವಷ್ಟೇ ಮಾಡಿದ ಕೆಲಸ. ಹಳೇ ರಬ್ಬರನ್ನು ಇಕ್ಕಳದಲ್ಲಿ ಎಳೆದರೆ ಚೂರುಚೂರಾಗಿ ಬಂತು. ಜೊತೆಗೆ ಎರಡು ತೆಳ್ಳನೆಯ ಉಕ್ಕಿನ ಪಟ್ಟಿ ಬಂದವು, ಅವನ್ನು ಹೊಸ ರಬ್ಬರಿನ ಎರಡು ಬದಿಗೆ ಕೂರಿಸಿದೆ. ಇನ್ನು ಅದನ್ನು ಫ್ರೇಮಿನ ಕೊಕ್ಕೆಗಳ ಒಳಗಿಂದ ತೂರಿಸಬೇಕು. ಮೊದಲ ಸಲ ಮೂರನೇ ಕೊಕ್ಕೆಗೆ ಹಾರಿ ಹೊರಗೆ ಬಂತು, ಎರಡನೇ ಸಲವೂ ಅಷ್ಟೇ.

ಎದುರಿನ ಚಾ ಅಂಗಡಿಯಿಂದ ಇಬ್ಬರು ನೋಡುತ್ತಿದ್ದರು. "ಅಕ್ಕಾ, ಉಲ್ಟಾ ಆಯ್ತು ಅದು," ಅಂದ ಒಬ್ಬ.

"ನಿಮ್ಮ ಚಾ ಆರಿತು ನೋಡಿ," ಅಂದೆ. ಆದರೆ ಅವನು ಹೇಳಿದ್ದು ಖರೆ, ತುದಿ ತಿರುಗುಮುರುಗಾಗಿತ್ತು. ಕಚ್ಚು ಇರುವ ತುದಿ ಕೊನೆಗೆ ಬಂದು ಕೊಕ್ಕೆಗೆ ಕಚ್ಚಿಕೊಳ್ಳಬೇಕು. ತಿರುಗಿಸಿ ಹಿಡಿದಾಗಲೇ ಹೊಳೆಯಿತು. ಅಲ್ಲ ಮಾರಾಯ್ತಿ, ಇದು ಲಂಗಕ್ಕೆ ಲಾಡಿ ಹಾಕುವ ಕೆಲಸ! ಮೂವತ್ತು ವರ್ಷದಿಂದ ಮಾಡುತ್ತಿರುವುದು ಇನ್ನೇನನ್ನು? ಎಳೆಯಬಾರದು, ಹಿಂದಿನಿಂದ ನೂಕಿ ಮುಂದಿನಿಂದ ಬರಮಾಡಿಕೊಳ್ಳಬೇಕು. ರಬ್ಬರಿಗೆ ಮಳೆ ನೀರು ಸವರಿ ಒಂದೊಂದೇ ಕೊಕ್ಕೆ ದಾಟಿಸಿದೆ. ಕೊನೆಯದರಲ್ಲಿ ಟಕ್ ಎಂದು ಕೂತಿತು.

ಎಡಗಡೆಯದಕ್ಕೆ ಪಟ್ಟಿ ಉದ್ದವಾಯಿತು. ಚಾಲಕನ ಬದಿಯ ವೈಪರ್ ದೊಡ್ಡದು, ಆಚೆಯದು ಗಿಡ್ಡ. ಕತ್ತರಿಸಬೇಕು. ಬ್ಯಾಗಿನಲ್ಲಿ ಟೇಪ್ ಇತ್ತು, ಅಳೆದೆ. ಕತ್ತರಿಯೂ ಇತ್ತು, ಆದರೆ ಅದು ಬಟ್ಟೆಯ ಕತ್ತರಿ! ಮನೆಯಲ್ಲಿ ಯಾರಾದರೂ ಅದರಲ್ಲಿ ಕಾಗದ ಕತ್ತರಿಸಿದರೂ ನಾನು ಎರಡು ದಿನ ಮಾತು ಬಿಡುವವಳು. ಶಾಹೀನಳ ಮುಖ ನೆನೆದು ಕಚಕ್ ಎನಿಸಿಬಿಟ್ಟೆ. ಇಕ್ಕಳವನ್ನು ಶಟರ್ ಕೆಳಗೆ ತಳ್ಳಿ ಹೊರಡುವಾಗ ಒಂದೂ ಕಾಲು.

ಮಂಚಿಕೇರಿ ಹತ್ತಿರ ಆಕಾಶವೇ ಕಳಚಿ ಬಿತ್ತು. ವೈಪರ್ ಒತ್ತಿದೆ, ಸದ್ದೇ ಇಲ್ಲ. ಗಾಜು ಆಗಷ್ಟೇ ತೊಳೆದ ಬಟ್ಟಲಿನ ಹಾಗೆ. ಬೇಡ್ತಿ ಸೇತುವೆಯ ಮೇಲೆ ಕೆಂಪು ಹೊಳೆ ತುಂಬಿ ಹರಿಯುವುದೂ ಕಂಡಿತು, ಎದುರಿನ ಲಾರಿಯ ಹಣೆಯ ಅಕ್ಷರವೂ ಕಂಡಿತು. ಒಬ್ಬಳೇ ಕೂತು "ಶಭಾಷ್ ಕಣೇ" ಎಂದು ಗಟ್ಟಿಯಾಗಿ ಹೇಳಿಕೊಂಡೆ.

ಯಲ್ಲಾಪುರ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ಜುಬೇದಾ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಶರಾರ ಗರಿಗರಿ ಇತ್ತು. ಅದರ ಮೇಲಂಗಿಯ ತೋಳು ಒಂದೆಳೆ ಬಿಗಿಯಾಯಿತು, ಹೊಲಿಗೆ ಬಿಡಿಸಿ ಸರಿ ಮಾಡಿದೆ. ಹುಡುಗಿ ಕನ್ನಡಿ ಎದುರು ತಿರುಗಿದ್ದೇ ತಿರುಗಿದ್ದು. ಅವಳ ಅಜ್ಜ ದಸ್ತಗೀರ್ ಸಾಹೇಬರು ನಲವತ್ತು ವರ್ಷ ಲಾರಿ ಓಡಿಸಿದವರು, ಅವರು ಮಾತ್ರ ಅಂಗಳದಲ್ಲಿ ನನ್ನ ಕಾರು ನೋಡುತ್ತ ನಿಂತಿದ್ದರು.

"ಈ ರಬ್ಬರ್ ಯಾರು ಹಾಕಿದ್ರು ಟೇಲರಮ್ಮಾ?"

"ನಾನೇ."

ಅವರು ವೈಪರ್ ಎತ್ತಿ, ಹೆಬ್ಬೆರಳಿನಿಂದ ತುದಿಯವರೆಗೆ ಸವರಿದರು. ಆಮೇಲೆ ಮನೆ ಕಡೆ ತಿರುಗಿ ಕೂಗಿದರು, "ಬರ್ರಿ ಎಲ್ಲಾರೂ, ನೋಡ್ರಿ ಇಲ್ಲಿ! ಇಷ್ಟಕ್ಕೇ ನೀವು ಗ್ಯಾರೇಜಿಗೆ ಫೋನ್ ಹಚ್ಚೋರು." ಲಾರಿ ಓಡಿಸುವ ಅವರ ಇಬ್ಬರು ಮಕ್ಕಳು ಬಂದು ನಿಂತು ನೋಡಿದರು. ನನಗೆ ನಾಚಿಕೆಯೇನೂ ಆಗಲಿಲ್ಲ, ಇನ್ನೂ ನಾಲ್ಕು ಜನ ಬರಲಿ ಅನ್ನಿಸಿತು.

ಗಂಡಿನವರು ಬಂದು ಕೂತದ್ದನ್ನು ಕಂಡು, ಶಾವಿಗೆ ಪಾಯಸ ಕುಡಿದು, ನಾಲ್ಕೂವರೆಗೆ ಹೊರಟೆ. ವಾಪಸು ದಾರಿಯಲ್ಲಿ ಒಂದು ಹನಿಯಾದರೂ ಬರಬೇಕೇ? ಹೋಗುವಾಗ ಹೊಯ್ದ ಮಳೆ ಎಲ್ಲಿ ಹಾಳಾಗಿ ಹೋಯಿತೋ! ಮನೆ ಮುಟ್ಟಿದಾಗ ಏಳು, ಇನ್ನೂ ಬೆಳಕಿತ್ತು. ನಮ್ಮನೆಯವರು ಗೇಟಿನಲ್ಲೇ ಇದ್ದರು.

"ಹೆಂಗಾತು?"

"ಒಂದು ಕೊಡ ನೀರು ತಗಂಡು ಬನ್ನಿ," ಅಂದೆ, ಇಳಿಯದೆ.

ತಂದರು. "ಗಾಜಿಗೆ ಹೊಯ್ಯಿರಿ." ಹೊಯ್ದರು. ಅವರ ಮುಖ ನೀರಿನಲ್ಲಿ ಕಲಸಿಹೋಯಿತು. ವೈಪರ್ ಒತ್ತಿದೆ. ಒಂದೇ ಬೀಸಿಗೆ ಕೊಡ ಹಿಡಿದು ಬಾಯಿ ತೆರೆದು ನಿಂತ ನಮ್ಮನೆಯವರು ಸ್ಪಷ್ಟ ಕಂಡರು.

"ಅಡ್ಡಿಲ್ಲೆ," ಅಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದಿಲ್ಲ.

"ಇನ್ನೊಂದು ಕೊಡ ತಗಂಡು ಬನ್ನಿ," ಅಂದೆ.