ಹುಣಸೆಮರದ ನಿಲುಗಡೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಹರಪನಹಳ್ಳಿಯ ಬಸ್ಸು ಇತ್ತು. ಬೆಳಗಿನ ಹೊತ್ತು ಅದು ಹರಪನಹಳ್ಳಿ ಬಿಟ್ಟು, ಕೊಟ್ಟೂರು ದಾಟಿ, ನಮ್ಮೂರಿನ ಹುಣಸೆಮರದ ಕೆಳಗೆ ಒಂದು ಗಳಿಗೆ ನಿಂತು ಕೂಡ್ಲಿಗಿಗೆ ಹೋಗುತ್ತಿತ್ತು. ಅದರ ಸದ್ದು ಕೇಳಿದರೆ ಅವ್ವ ಒಲೆಯ ಕಟ್ಟಿಗೆ ಹಿಂದಕ್ಕೆಳೆಯುತ್ತಿದ್ದಳು. ಗಾರೆ ಕೆಲಸದ ಅಪ್ಪ ಕರಣೆ, ತೂಕದ ಗುಂಡು ಹಿಡಿದು ಹೊರಡುತ್ತಿದ್ದ. ನಾನು ಸ್ಲೇಟು ಬಗಲಲ್ಲಿಟ್ಟುಕೊಂಡು ಶಾಲೆಗೆ ಓಡುತ್ತಿದ್ದೆ.

ನನಗೆ ಆಗಲೇ ಎಲ್ಲವನ್ನೂ ಬರೆದಿಡುವ ಹುಚ್ಚು. ಬಾಗಿಲ ಮುಂದಿನ ಬೇವಿನ ನೆರಳು ಹೊಸ್ತಿಲು ಬಿಡುವುದರೊಳಗೆ ಬಸ್ಸು ಬಂದರೆ ಕ್ಯಾಲೆಂಡರಿನ ಆ ತಾರೀಖಿನ ಕೆಳಗೆ ಒಂದು ಸೊನ್ನೆ, ತಡವಾಗಿ ಬಂದರೆ ಅಡ್ಡಗೀಟು, ಬಾರದೇ ಹೋದರೆ ಕಪ್ಪು ಚುಕ್ಕೆ. ತಿಂಗಳು ಮುಗಿದ ಮೇಲೆ ಎಲ್ಲವನ್ನೂ ಎಣಿಸಿ ಅಕ್ಕನಿಗೆ ಒಪ್ಪಿಸುತ್ತಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ಆ ಬಸ್ಸು ಹತ್ತುತ್ತಿದ್ದವಳು ಅಕ್ಕ ಒಬ್ಬಳೇ.

ಅಕ್ಕ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ತಿಂಗಳ ಸಂಬಳ ಪಡೆದವರಲ್ಲಿ ಆಕೆಯೇ ಮೊದಲು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ಹೊರಡುತ್ತಿದ್ದಳು. ಸಂಜೆ ಬಂದಾಗ ಆಕೆಯ ಬೆರಳ ತುದಿಗಳು ಕಾರ್ಬನ್ ಹಾಳೆಯಿಂದ ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಸೀರೆಗೆ ಡೀಸೆಲ್ ವಾಸನೆ ಹತ್ತಿರುತ್ತಿತ್ತು. ಇವತ್ತಿಗೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ಅಕ್ಕ ಮನೆಗೆ ಬಂದಂತೆ ಅನಿಸುತ್ತದೆ.

ಅಕ್ಕನ ಹೆಗಲಿಗೆ ಅವ್ವ ಹೊಲಿದುಕೊಟ್ಟ ಒಂದು ದಪ್ಪ ಕಾಡಾ ಬಟ್ಟೆಯ ಚೀಲ ಇರುತ್ತಿತ್ತು. ಹೋಗುವಾಗ ಅದರೊಳಗೆ ಇಡೀ ಊರಿನ ಕೆಲಸ. ಒಬ್ಬರ ಔಷಧಿ ಚೀಟಿ, ಒಬ್ಬರ ಕಾಲು ಮುರಿದ ಕನ್ನಡಕ, ರವಿಕೆಗೆ ಹೊಂದುವ ದಾರ ತರಲು ಒಂದು ತುಂಡು ಬಟ್ಟೆ, ತಾಲ್ಲೂಕು ಕಚೇರಿಗೆ ಕೊಡಬೇಕಾದ ಅರ್ಜಿ. ಸಂಜೆ ಅದೇ ಚೀಲ ಉಬ್ಬಿಕೊಂಡು ವಾಪಸು ಬರುತ್ತಿತ್ತು. ಬಸ್ಸು ಬರುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ನಾಲ್ಕಾರು ಜನ ಕಾದು ಕೂತಿರುತ್ತಿದ್ದರು. ನಮ್ಮ ಕೇರಿಯೊಳಗೆ ಎಂದೂ ಕಾಲಿಡದ ಮೇಲಿನ ಓಣಿಯವರೂ ಆ ಹೊತ್ತಿಗೆ ಬೇವಿನ ಮರದ ತನಕ ಬಂದು ನಿಂತಿರುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಬಸ್ಸು ಎಂದಿನಂತೆ ಹೊರಟುಹೋಗಲಿಲ್ಲ. ಡ್ರೈವರ್ ಎಂಜಿನ್ ಆರಿಸಿ, ಅಕ್ಕನನ್ನು ಕರೆಯಲು ಬಂದಿದ್ದ ಅಪ್ಪನನ್ನು ಹತ್ತಿರಕ್ಕೆ ಕರೆದ. ಆತ ಹರಪನಹಳ್ಳಿಯವನು, ಒಳ್ಳೆಯ ಮನುಷ್ಯ. ಅಕ್ಕ ಓಡೋಡಿ ಬರುವುದು ಕಂಡರೆ ಕಾಯುತ್ತಿದ್ದ. ಹುಣಸೆಮರದ ಬಳಿ ಹತ್ತುವವರೇ ಇಲ್ಲ, ಸುಮ್ಮನೆ ಹೊತ್ತು ಹಾಳು, ಈ ನಿಲುಗಡೆ ತೆಗೆದುಬಿಡಬೇಕು ಎಂದು ಮೇಲೆ ಮಾತು ನಡೆದಿದೆಯಂತೆ. ಸೋಮವಾರ ಒಬ್ಬ ಸಾಹೇಬರು ಬಸ್ಸಿನಲ್ಲೇ ಕೂತು ಬಂದು ಎಲ್ಲೆಲ್ಲಿ ಎಷ್ಟು ಜನ ಹತ್ತುತ್ತಾರೆಂದು ನೋಡುತ್ತಾರಂತೆ.

'ಒಬ್ಬಳೇ ನಿಂತಿದ್ರೆ ತೆಗೆದೇ ಬಿಡ್ತಾರೆ ನೋಡ್ರಿ. ಹತ್ತಾರು ಜನ ಕಾಣೋ ಹಂಗೆ ಮಾಡ್ರಿ' ಎಂದು ಹೇಳಿ ಆತ ಎಂಜಿನ್ ಶುರುಮಾಡಿದ.

ನಿಲುಗಡೆ ಹೋದರೆ ಮುಂದಿನ ಊರಿನ ತನಕ ಅಕ್ಕ ಜಾಲಿಪೊದೆಗಳ ನಡುವೆ ನಡೆದು ಹೋಗಬೇಕಿತ್ತು. ಅಷ್ಟು ನಡೆದರೂ ಬಸ್ಸು ಸಿಗುವ ಭರವಸೆ ಇರಲಿಲ್ಲ. ಆಕೆಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎರಡು ಸಲ ಬಸ್ಸು ಕೆಟ್ಟು ತಡವಾದಾಗಲೇ ಕಚೇರಿಯ ಮೇಲಿನವರು, ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ ಎಂದಿದ್ದರು. ಕೂಡ್ಲಿಗಿಯಲ್ಲೇ ಒಂದು ಕೋಣೆ ಹಿಡಿಯೋಣವೆಂದು ಅಪ್ಪ ಹಿಂದೆ ಓಣಿ ಓಣಿ ತಿರುಗಿ ಬಂದಿದ್ದ. ಮನೆ ತೋರಿಸುವವರು ನಗುನಗುತ್ತಲೇ ತೋರಿಸುತ್ತಿದ್ದರಂತೆ. ಯಾವ ಕೇರಿಯವರು ಎಂದು ತಿಳಿದ ಮೇಲೆ, ಆ ಕೋಣೆ ಬೇರೆಯವರಿಗೆ ಕೊಡುವುದಾಗಿ ಹೇಳಿದ್ದು ಆಗಲೇ ನೆನಪಾಗುತ್ತಿತ್ತಂತೆ. ಹಾಗಾಗಿ ಅಕ್ಕನ ನೌಕರಿಯೆಲ್ಲ ಆ ಹುಣಸೆಮರಕ್ಕೇ ಜೋತುಬಿದ್ದಿತ್ತು.

ಅಪ್ಪ ಯಾರಲ್ಲಿಯೂ ಏನನ್ನೂ ಕೇಳುವವನಲ್ಲ. ಭಾನುವಾರ ಸಂಜೆ ಮಾತ್ರ ತಲೆಗೆ ಟವೆಲ್ ಸುತ್ತಿ ಮನೆಮನೆಗೂ ಹೊರಟ. ನಾನು ಹಿಂದೆ ಹಿಂದೆ ಹೋದೆ. ನಾಳೆ ಸಂತೆಯಲ್ಲ, ಹಬ್ಬವಲ್ಲ, ಶೇಂಗಾ ಸುಲಿಯುವ ಸುಗ್ಗಿಯ ಕಾಲ. ಕೂಡ್ಲಿಗಿಗೆ ಹೋಗಲು ಯಾರಿಗೂ ಕಾರಣವಿರಲಿಲ್ಲ. ಅಪ್ಪ ಅಂಗಳದಲ್ಲೇ ನಿಂತು, ನೆಲ ನೋಡುತ್ತ ವಿಷಯ ಹೇಳುತ್ತಿದ್ದ. ಎಲ್ಲರೂ 'ನೋಡೂಣು' ಅಂದರು. ನಮ್ಮ ಕಡೆ 'ನೋಡೂಣು' ಅಂದರೆ ಬರುವುದಿಲ್ಲ ಅಂತಲೇ ಅರ್ಥ. ಮನೆಗೆ ಬಂದ ಅಪ್ಪ ತಂಬಿಗೆ ನೀರು ಕುಡಿದು ಗೋಡೆಗೆ ಒರಗಿದ. 'ನನ್ನ ಸಲವಾಗಿ ಊರವರು ಯಾಕ ಕೆಲ್ಸ ಬಿಟ್ಟು ಬರ್ತಾರಪ್ಪ' ಎಂದು ಅಕ್ಕ ಮೆಲ್ಲಗೆ ಅಂದಳು. ಅಜ್ಜಿ ಮಾತ್ರ ಎದ್ದು ತನ್ನ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಹಗ್ಗದ ಮೇಲೆ ಹರವಿದಳು. ಆಕೆ ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಕೂತಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾವು ಮನೆಯವರು ಐದು ಜನ ಹುಣಸೆಮರದ ಕೆಳಗೆ ನಿಂತೆವು. ನೆಲದ ಮೇಲೆಲ್ಲ ಒಣಗಿದ ಹುಣಸೆಕಾಯಿ ಸಿಪ್ಪೆ, ಕಾಲಿಟ್ಟರೆ ಚಟಚಟ ಸದ್ದು. ನಾನು ಬಂದವರ ಲೆಕ್ಕ ಇಡಲು ಇದ್ದಿಲು ಹಿಡಿದು ಬಂಡೆಯ ಬಳಿ ಕೂತಿದ್ದೆ. ಐದು ಗೀಟು ಎಳೆದು ಬಹಳ ಹೊತ್ತು ಸುಮ್ಮನೆ ಕೂತೆ. ಅಪ್ಪ ಊರಿನ ಕಡೆ ನೋಡಲೇ ಇಲ್ಲ, ಕೊಟ್ಟೂರಿನ ಕಡೆ ನೋಡುತ್ತಿದ್ದ.

ಮೊದಲು ಎದುರುಮನೆಯ ಕಾಕಾ ಎರಡು ಕೋಳಿಗಳನ್ನು ತಲೆಕೆಳಗಾಗಿ ಹಿಡಿದುಕೊಂಡು ಬಂದ. ಆಮೇಲೆ ಅಕ್ಕನ ಕೈಯಿಂದ ಕನ್ನಡಕ ರಿಪೇರಿ ಮಾಡಿಸಿಕೊಂಡಿದ್ದ ಮುದುಕ, ಮೊಮ್ಮಗನ ಹೆಗಲು ಹಿಡಿದು ಬಂದ. ಒಬ್ಬರು ಶೇಂಗಾ ಚೀಲ, ಒಬ್ಬರು ಮುರಿದ ಕುಂಟೆ, ಒಬ್ಬಳು ಸೊಂಟದಲ್ಲಿ ಕೂಸು. ಮೇಲಿನ ಓಣಿಯವರು ಬಿಳಿ ಅಂಗಿ ತೊಟ್ಟು ಬಂದರು. ಕುಲುಮೆಯವನು ಬಂದ, ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಮೈಮೇಲೆ ಹಿಟ್ಟಿನ ಸಮೇತ ಬಂದ. ಇದ್ದಿಲು ಸವೆದು ಬಂಡೆಯ ಮೇಲೆ ಜಾಗ ಸಾಲದಾಯಿತು. ಲೆಕ್ಕ ತಪ್ಪಿತು, ನಾನು ಕೈಬಿಟ್ಟೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.

ಬಸ್ಸು ಬಂತು. ಬಂದದ್ದೇ ತಡ, ಸಂತೆಯ ದಿನದ ಅಭ್ಯಾಸ ಎಲ್ಲರ ಮೈಯಲ್ಲೂ ಎಚ್ಚರವಾಯಿತು. ಕಿಟಕಿಗಳೊಳಗೆ ಟವೆಲ್, ಟೋಪಿ, ಮಕ್ಕಳು ಬಿದ್ದವು. ಕೋಳಿಗಳು ಕೂಗಿದವು. 'ಏ, ಅದು ನನ್ನ ಸೀಟು, ನನ್ನ ಟವೆಲ್ ಐತಿ ನೋಡು' ಎಂದು ಕಾಕಾ ಗಿರಣಿಯವನ ಜೊತೆ ಜಗಳಕ್ಕೆ ನಿಂತ. ಅಜ್ಜಿಯನ್ನು ಅಪ್ಪ ಎತ್ತಿ ಕಿಟಕಿಯ ಪಕ್ಕ ಕೂಡಿಸಿದ. ನಾನು ಆಕೆಯ ತೊಡೆಯ ಮೇಲೆ. ಡ್ರೈವರನ ಹಿಂದಿನ ಸೀಟಿನಲ್ಲಿ ಸಾಹೇಬರು ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು, ಪೆನ್ನು ಎತ್ತಿ ಎತ್ತಿ ತಲೆ ಎಣಿಸುತ್ತಿದ್ದರು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳಿ, ಇನ್ನು ಒಂದು ಸೂಜಿಗೂ ಜಾಗವಿಲ್ಲ ಎಂದು ಗಂಟೆ ಹೊಡೆದ. ಬಸ್ಸು ಹೊರಟಿತು.

ಆಗ ನಾನು ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಹುಣಸೆಮರದ ಕೆಳಗೆ, ಒಂದು ಕೈಯಲ್ಲಿ ಡಬ್ಬಿ, ಹೆಗಲಿಗೆ ಚೀಲ, ಧೂಳಿನಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. ಮುದುಕರನ್ನು, ಕೂಸಿನ ತಾಯಿಯನ್ನು ಮುಂದೆ ಹತ್ತಿಸುತ್ತ ಹತ್ತಿಸುತ್ತ ಆಕೆ ಹಿಂದೆ ಉಳಿದಿದ್ದಳು.

'ಅಪ್ಪಾ, ಅಕ್ಕ ಅಲ್ಲೇ ಉಳಿದ್ಲು' ಎಂದೆ.

ಸುತ್ತ ಇದ್ದವರೆಲ್ಲ ಹೊರಗೆ ನೋಡಿದರು. ಅಪ್ಪ ಬಾಯಿ ತೆರೆದ, ಸಾಹೇಬರ ಪೆನ್ನು ನೋಡಿ ಮುಚ್ಚಿದ. ಬಸ್ಸು ನಿಲ್ಲಿಸೆಂದರೆ ಯಾಕೆ ಎಂದು ಕೇಳುತ್ತಾರೆ. ಯಾರಾದರೂ ಇಳಿದರೆ, ಇಳಿಯುವುದಾದರೆ ಹತ್ತಿದ್ದು ಯಾಕೆ ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಅಕ್ಕನಿಗೆ ಮೂರನೇ ಸಲ ತಡವಾಗುತ್ತದೆ. ಹುಣಸೆಮರ ಸಣ್ಣದಾಗುತ್ತ ಹೋಯಿತು.

ಹಳ್ಳದ ಸೇತುವೆ ಬಂದಾಗ ಅಜ್ಜಿ ತನ್ನ ಊರುಗೋಲಿನಿಂದ ಬಸ್ಸಿನ ತಗಡಿಗೆ ಬಡಿದಳು.

'ನಿಂದ್ರಸೋ ತಮ್ಮಾ. ನೌಕ್ರಿಗೆ ಹೋಗಾಕೀನ ಕೆಳಗ ಬಿಟ್ಟು, ಕೆಲ್ಸಿಲ್ಲದವ್ರನ್ನೆಲ್ಲ ಕರ್ಕೊಂಡು ಎಲ್ಲಿಗೆ ಹೊಂಟೀಯೋ.'

ಡ್ರೈವರ್ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹಿಂದೆ ತಿರುಗಿದರು. ಕೂಡ್ಲಿಗಿಯಲ್ಲಿ ನಿಮಗೇನು ಕೆಲಸವಿತ್ತು ಎಂದು ಅಜ್ಜಿಯನ್ನು ಕೇಳಿದರು. ಅಪ್ಪ ಕಣ್ಣು ಮುಚ್ಚಿಕೊಂಡ.

'ನಮಗೇನೂ ಕೆಲ್ಸಿಲ್ರಿ' ಅಂದಳು ಅಜ್ಜಿ. 'ಇಲ್ಲಿ ಯಾರಿಗೂ ಇಲ್ಲ. ನಮ್ಮೂರ ಕೆಲ್ಸೆಲ್ಲ ಆ ಹುಡುಗಿ ಚೀಲದಾಗ ಅದಾವ. ದಿನಾ ಬೇಕಾದ್ದೆಲ್ಲ ಆಕೀನ ತರ್ತಾಳ, ಅದಕ್ಕ ನಾವು ಬಸ್ ಹತ್ತಂಗಿಲ್ಲ. ನಾವು ಹತ್ತಂಗಿಲ್ಲ ಅಂತ ನೀವು ಬಸ್ ನಿಂದ್ರಸಂಗಿಲ್ಲ ಅಂದ್ರ, ಆಕಿ ಹೆಂಗ ಹೋಗ್ಬೇಕ್ರಿ?'

ಅಜ್ಜಿ ಉತ್ತರಕ್ಕೆ ಕಾಯದೆ ಸೀರೆ ಎತ್ತಿಕಟ್ಟಿ, ನನ್ನ ಕೈ ಹಿಡಿದು ಇಳಿದುಬಿಟ್ಟಳು. ಹಿಂದೆ ಅಪ್ಪ, ಅವ್ವ. ಆಮೇಲೆ ಕಾಕಾ ಕೋಳಿಗಳೊಂದಿಗೆ, ಗಿರಣಿಯವನು, ಮುದುಕ, ಬಿಳಿ ಅಂಗಿಯವರು. ಹತ್ತುವಾಗ ಜಗಳಾಡಿದವರು ಇಳಿಯುವಾಗ ಒಬ್ಬರಿಗೊಬ್ಬರು ದಾರಿ ಬಿಟ್ಟರು. ಅಷ್ಟರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅಕ್ಕ ಓಡುತ್ತ ಬಂದಳು. ಏನಾಯಿತೆಂದು ಆಕೆಗೆ ತಿಳಿಯದು. ಬಂದವಳ ಕೈಗೆ ಎಲ್ಲರೂ ತಮ್ಮ ತಮ್ಮ ನೆಪಗಳನ್ನು ಕೊಡತೊಡಗಿದರು. ಒಬ್ಬರು ಔಷಧಿ ಚೀಟಿ, ಒಬ್ಬರು ಟಾರ್ಚು. ಕುಂಟೆಯ ಮುರಿದ ಕಬ್ಬಿಣವನ್ನೂ ಒಬ್ಬ ಚೀಲಕ್ಕೆ ತುರುಕಿದ. ಕಾಕಾ ಕೋಳಿಗಳನ್ನು ಚಾಚಿದಾಗ ಅಕ್ಕ ಕೈ ಹಿಂದಕ್ಕೆಳೆದುಕೊಂಡು, 'ಕಾಕಾ, ಅವನ್ನ ಆಫೀಸಿನಾಗ ಎಲ್ಲಿ ಕಟ್ಲಿ' ಅಂದಳು. ಮೊದಲು ನಕ್ಕದ್ದು ಡ್ರೈವರ್.

ಸಾಹೇಬರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅಪ್ಪ ಕೈಮುಗಿದು ಏನೋ ಹೇಳಲು ಹೋದ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

'ಹತ್ತಿದವರನ್ನ ಎಣಿಸಿಕೊಂಡು ಬನ್ನಿ ಅಂದಿದ್ದಾರೆ. ಎಣಿಸಿದ್ದೇನೆ. ಇಳಿದವರನ್ನ ಎಣಿಸಿ ಅಂತ ನನಗೆ ಯಾರೂ ಹೇಳಿಲ್ಲ' ಅಂದರು. ಆಮೇಲೆ ಪಕ್ಕದ ಸೀಟಿನ ಮೇಲಿದ್ದ ತಮ್ಮ ಕೊಡೆ ತೆಗೆದು ಅಕ್ಕನಿಗೆ ಜಾಗ ಮಾಡಿಕೊಟ್ಟರು.

ಬಸ್ಸು ಹೋದ ಮೇಲೆ ಊರಿಗೆ ಊರೇ ಸೇತುವೆಯಿಂದ ಮನೆಯ ಕಡೆ ನಡೆಯಿತು. ಬಿಸಿಲು ಏರಿತ್ತು. ಶೇಂಗಾ ಚೀಲದವನು ದಾರಿಯುದ್ದಕ್ಕೂ ಎಲ್ಲರಿಗೂ ಬೊಗಸೆ ಬೊಗಸೆ ಶೇಂಗಾ ಹಂಚಿದ. ಅಜ್ಜಿ ಬಸ್ಸಿನಲ್ಲಿ ಹೋಗಿದ್ದು ಹುಣಸೆಮರದಿಂದ ಹಳ್ಳದ ತನಕ, ಅಷ್ಟೇ. ಬಸ್ಸು ಹೇಗಿತ್ತು ಎಂದು ಕೇಳಿದೆ. 'ಏನಿಲ್ಲ ಬಿಡು, ನಮ್ಮ ಬಂಡಿಗಿಂತ ಜಾಸ್ತಿ ಅಲಗಾಡತೈತಿ' ಅಂದಳು. ಆದರೆ ಇಳಕಲ್ಲ ಸೀರೆಯನ್ನು ಅಂದು ಸಂಜೆಯ ತನಕ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ನಾನು ಅಕ್ಕನ ಜೊತೆ ಮರದ ಕೆಳಗೆ ಹೋಗಿ ನಿಂತೆ. ನಿಂತಿತು. ಅದರ ಮರುದಿನವೂ ನಿಂತಿತು. ಕ್ಯಾಲೆಂಡರಿನಲ್ಲಿ ಸೊನ್ನೆ ಹಾಕುತ್ತ ಹೋದೆ. ಅಕ್ಕನ ನೌಕರಿ ಕಾಯಂ ಆದ ವರ್ಷ ಅಪ್ಪ ಒಂದು ಭಾನುವಾರ ಆ ಮರದ ಬುಡಕ್ಕೆ ಕಲ್ಲು, ಗಾರೆ ಹಾಕಿ ಕಟ್ಟೆ ಕಟ್ಟಿದ. ಕೂಲಿ ಯಾರನ್ನೂ ಕೇಳಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆಯ ಮುಂದೆ ಈಗ ಒಂದು ಕಾರು, ಎರಡು ಸ್ಕೂಟರುಗಳಿವೆ. ಔಷಧಿ ಬೇಕಾದರೆ ಫೋನ್ ಒತ್ತುತ್ತೀರಿ, ಬಾಗಿಲಿಗೆ ಬರುತ್ತದೆ. ನಿಮ್ಮಮ್ಮ ಕೆಲಸಕ್ಕೆ ಹೊರಟಾಗ ಓಣಿಯವರು ಯಾರೂ ಚೀಟಿ ಹಿಡಿದು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅದು ಒಳ್ಳೆಯದೇ. ಕಳೆದ ರಜೆಯಲ್ಲಿ ನಾವೆಲ್ಲ ಕಾರಿನಲ್ಲಿ ಕೊಟ್ಟೂರಿನಿಂದ ಬರುವಾಗ ನಮ್ಮ ಮುಂದೆ ಹೋಗುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ನಿಂತದ್ದು ನಿಮಗೆ ನೆನಪಿರಬಹುದು. ನಿಮ್ಮಪ್ಪ ಹಾರ್ನ್ ಒತ್ತಿದ. ಒಬ್ಬಳಿಗೋಸ್ಕರ ಅಷ್ಟು ದೊಡ್ಡ ಬಸ್ಸು ಯಾಕೆ ನಿಲ್ಲಿಸಬೇಕು ಎಂದು ನೀವು ಕೇಳಿದಿರಿ. ನಾನು ಹಾರ್ನ್ ಮೇಲಿದ್ದ ನಿಮ್ಮಪ್ಪನ ಕೈ ಹಿಡಿದೆ. ಹುಣಸೆಮರದ ಕಟ್ಟೆಯಿಂದ ಎದ್ದ ಒಬ್ಬ ಹುಡುಗಿ, ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು, ಅವಸರವಿಲ್ಲದೆ ಬಸ್ಸು ಹತ್ತುತ್ತಿದ್ದಳು.