ಕಣ್ಣೆದುರಿನ ಪ್ಲಗ್ಗು

ಸಂಜೆ ಆರು ಗಂಟೆ ಹತ್ತು ನಿಮಿಷ. ಮೊನ್ನೆ ಡ್ರಾಯರಿನ ತಳದಲ್ಲಿ ಕೆಂಪು, ಬಿಳಿ ತುದಿಗಳ ಹಳೆಯ ಆಡಿಯೋ ಕೇಬಲ್ ಸಿಕ್ಕಿದಾಗ ಮೊದಲು ನೆನಪಾದದ್ದು ಆ ಗಳಿಗೆ. ಆಮೇಲೆ ನೆನಪಾದವರು ನಮ್ಮ ಮನೆಯೊಡತಿ ಟೀಚರು.

ತೊಂಬತ್ತರ ದಶಕದ ಕೊನೆಯಲ್ಲಿ ಶ್ರೀರಾಂಪುರದ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅವರು ಚರ್ಚಿನ ಹಾಡುಗಾರರಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅದಕ್ಕೆಂದೇ ದೊಡ್ಡದೊಂದು ಸ್ಪೀಕರು. ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇತ್ತು. ನೇರ ಗೋಡೆಯ ಕರೆಂಟಿಗೆ ಸಿಕ್ಕಿಸುವಂಥದ್ದು.

ಕ್ರಿಸ್‌ಮಸ್‌ಗೆ ವಾರವಿರುವಾಗ ಹಾಡಿನ ನಡುವೆ ಕರೆಂಟು ಹೋಯಿತು. ಸ್ಪೀಕರಿಗೆ ಸಿಕ್ಕಿಸಿದ್ದ ಆಡಿಯೋ ಕೇಬಲ್ ಬೆಳಗಿನಿಂದ ಕರಕರ ಎನ್ನುತ್ತಿತ್ತು. ದಿನಾ ಸಂಜೆ ಗಂಟೆಗಟ್ಟಲೆ ಕರೆಂಟು ತೆಗೆಯುತ್ತಿದ್ದ ಕಾಲವದು.

“ಏಳರವರೆಗೆ ಬರಲ್ಲ ಟೀಚರ್, ಈಗ್ಲೇ ಕೇಬಲ್ ಬದಲಾಯಿಸ್ಬುಡಿ,” ಎಂದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ನಾನೇ ಹಾಗೆಂದೆ. ಸ್ವಿಚ್ಚು ಆರಿಸುವುದು ಯಾರಿಗೂ ಹೊಳೆಯಲಿಲ್ಲ.

ಆರು ಹತ್ತಕ್ಕೇ ಕರೆಂಟು ಬಂತು. ಟೀಚರ ಒಂದು ಕೈ ಸ್ಪೀಕರಿನ ಹಿಂದಿನ ತಗಡಿನ ಮೇಲಿತ್ತು. ಧಡ್ ಎಂದು ಸ್ಪೀಕರು ಗುಡುಗಿತು. ಯಾರೋ ತಳ್ಳಿದಂತೆ ಅವರು ಸೋಫಾದ ಮೇಲೆ ಬಿದ್ದರು. ಮುಖದಲ್ಲಿ ಅಲುಗಾಟವೇ ಇಲ್ಲ...

ಕಣ್ಣು ಬಿಟ್ಟವರೇ ನನ್ನನ್ನು ಹುಡುಕಿದರು. “ನಿಂಗೆ ಡಿಗ್ರಿ ಕೊಟ್ಟೋರು ಯಾರೋ? ವಾಪಸ್ ಕೊಟ್ಬುಡು ಕಣೋ.”

ಹಾಡುಗಾರರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಒಳಗಿನ ವೈರೊಂದು ತಗಡಿಗೆ ತಗುಲಿತ್ತು, ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವೈರು ಕಿತ್ತುಹೋಗಿತ್ತು. ಮರುದಿನ ರಿಪೇರಿಯವನು ಎರಡನ್ನೂ ಸರಿಮಾಡಿದ. ನನ್ನ ನಿದ್ದೆ ಮಾತ್ರ ಸರಿಹೋಗಲಿಲ್ಲ. ಕಣ್ಣು ಮುಚ್ಚಿದರೆ ಅದೇ ಧಡ್...

ಹಬ್ಬಕ್ಕೆ ಎರಡು ದಿನವಿರುವಾಗ ಟೀಚರು ನನ್ನನ್ನು ಕೆಳಗೆ ಕರೆದು, ಹೊಸ ಕೇಬಲ್ ಕೈಗಿಟ್ಟರು. “ನೀನೇ ಹಾಕು. ವಾಲ್ಯೂಮ್ ಸೊನ್ನೆಗೆ ತಾ. ಸ್ವಿಚ್ ಆರ್ಸು. ಪ್ಲಗ್ ಕಿತ್ತು ಮೇಜಿನ ಮೇಲೆ, ಕಣ್ಣೆದುರಿಗೆ ಇಡು. ಒಳಗೆ ಉಳಿದಿರೋ ಕರೆಂಟು ಇಳೀಬೇಕು. ಅಲ್ಲೀವರ್ಗೂ ನಾನೊಂದು ಪ್ರಾರ್ಥನೆ ಹೇಳ್ಕೋತೀನಿ, ನೀನು ನಿಮ್ಮ ಶಿವನ್ನ ಹನ್ನೊಂದು ಸಲ ನೆನೆಸ್ಕೊ. ಮೊದ್ಲು ಮುಗಿಸ್ದೋರು ಇನ್ನೊಬ್ರಿಗೆ ಕಾಯ್ಬೇಕು.”

ನಾನೇ ಮೊದಲು ಮುಗಿಸಿದೆ. ಕಾದೆ. ಅವರು ‘ಆಮೆನ್’ ಎಂದ ಮೇಲೆ ಕೇಬಲ್ ಹಾಕಿ, ಪ್ಲಗ್ಗು ಸಿಕ್ಕಿಸಿ, ಸದ್ದನ್ನು ಮೆಲ್ಲಗೆ ಏರಿಸಿದೆ. ಹಾಡು ತಿಳಿನೀರಿನಂತೆ ಬಂತು. ಅಂದು ಮಲಗಿದವನಿಗೆ ಎಚ್ಚರವಾದದ್ದು ಬೆಳಗಿನ ಚರ್ಚಿನ ಗಂಟೆಗೆ.

ನಾನು ಮನೆ ಬಿಡುವಾಗ ಆ ಕೇಬಲನ್ನು ನನಗೇ ಕೊಟ್ಟಿದ್ದ ಟೀಚರು ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಆ ಕೇಬಲನ್ನು ನನ್ನ ಸ್ಪೀಕರಿಗೆ ಹಾಕುವ ಮುನ್ನ ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಹನ್ನೊಂದು ಸಲ ಶಿವನನ್ನು ನೆನೆದು ಮುಗಿಸಿದೆ. ಆದರೂ ಕೈ ಹಾಕಲಿಲ್ಲ... ಅವರದಿನ್ನೂ ಮುಗಿದಿರಲಿಕ್ಕಿಲ್ಲ ಎಂದು ಸ್ವಲ್ಪ ಹೊತ್ತು ಕಾದೆ.