ಅಕ್ಕ ಬರೆದುಕೊಂಡ ದಾರಿಗಳು

ನನ್ನ ಅಕ್ಕನಿಗೆ ಸೈಕಲ್ಲೂ ಓಡಿಸಲು ಬರುವುದಿಲ್ಲ. ಆದರೂ ಗೋದಾಮಿನ ಗೇಟಿನಲ್ಲಿ ಆರು ವರ್ಷ ಕೂತು, ಯಾವ ಲಾರಿ ಎಲ್ಲಿಂದ ಬಂತು, ಏನು ಹೊತ್ತಿತ್ತು, ಯಾವ ದಾರಿ ಹಿಡಿಯಿತು ಎಂದು ಕೇಳಿ ಕೇಳಿ ಬರೆದುಕೊಂಡವಳು. ರಸ್ತೆ ಯೋಜನೆ ಕಚೇರಿಯ ಕೆಲಸ. ಡ್ರೈವರುಗಳು ಅವಳಿಗಿಟ್ಟ ಹೆಸರು ಪ್ರಶ್ನೆಯಕ್ಕ.

"ಸೇತುವೆ ಹತ್ರ ಎರಡು ಗಂಟೆ ಯಾರು ಕಾಯ್ತಾರೆ ಪ್ರಶ್ನೆಯಕ್ಕ? ಮರದ ಮಿಲ್ಲಿನ ಹಿಂದಿನ ಗಲ್ಲೀಲಿ ನುಗ್ಗಿಸ್ತೀವಿ. ಬರ್ಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಮತ್ತೆ," ಎಂದಿದ್ದ ಮೀಸೆಯಣ್ಣ, ಅವರಲ್ಲೆಲ್ಲ ಹಿರಿಯ. ಆ ಗಲ್ಲಿಗೆ ಲಾರಿ ನಿಷೇಧ.

"ಎಷ್ಟು ಲಾರಿ ಅಲ್ಲಿ ಹೋಗುತ್ತೆ ಅಂತ ಗೊತ್ತಾದ್ರೆ ತಾನೇ ಇನ್ನೊಂದು ಸೇತುವೆ ಕಟ್ಟೋದು? ಗಲ್ಲಿ ವಿಷಯ ಕಚೇರಿ ಬಿಟ್ಟು ಹೊರಗೆ ಹೋಗಲ್ಲ. ನಾನಿದ್ದೀನಲ್ಲ," ಎಂದಿದ್ದಳು ಅಕ್ಕ. ಕಚೇರಿಯ ಸಾಹೇಬರು ಅವಳಿಗೆ ಹಾಗಂತ ಮಾತು ಕೊಟ್ಟಿದ್ದರು.

ಹೋದ ತಿಂಗಳು ಕಚೇರಿಯವರು ಅಕ್ಕ ಬರೆದದ್ದನ್ನೆಲ್ಲ ನಕ್ಷೆ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಮಗುವಿಗೆ ಹಾಲು ಕುಡಿಸುತ್ತಾ ನಾನೂ ಮೊಬೈಲಿನಲ್ಲಿ ನೋಡಿ ಹೆಮ್ಮೆಪಟ್ಟೆ. ಗಲ್ಲಿಯ ಮೇಲೆ ದಪ್ಪ ಕೆಂಪು ಗೆರೆ. ಮುಟ್ಟಿದರೆ ಗಂಟೆಗೆಷ್ಟು ಲಾರಿ ಎಂಬುದೂ ಬರುತ್ತಿತ್ತು. ಅದನ್ನೇ ಪೊಲೀಸರೂ ನೋಡಿದರು. ಸೋಮವಾರ ಬೆಳಿಗ್ಗೆ, ಅತಿ ಹೆಚ್ಚು ಲಾರಿ ಬರುವ ಹೊತ್ತಿಗೇ ಸರಿಯಾಗಿ, ಗಲ್ಲಿಯ ಬಾಯಲ್ಲಿ ನಿಂತು ಹನ್ನೊಂದು ಜನರ ಲೈಸೆನ್ಸ್ ಕಿತ್ತುಕೊಂಡರು. ಮೀಸೆಯಣ್ಣನದೂ ಹೋಯಿತು.

ಅಕ್ಕ ಸಾಹೇಬರನ್ನು ಕೇಳಿದಳಂತೆ. "ಮಾಹಿತಿ ಎಲ್ಲರಿಗೂ ಸಿಗಬೇಕು ಅಂತ ಮೀಟಿಂಗಲ್ಲಿ ನೀನೇ ಹೇಳಿದ್ದಲ್ಲಮ್ಮ," ಎಂದು ನಕ್ಕರಂತೆ ಅವರು. ಹೇಳಿದ್ದು ನಿಜ. ಗಲ್ಲಿಯೊಂದು ಬಿಟ್ಟು ಅಂತಲೂ ಹೇಳಿದ್ದಳು. ಸೇತುವೆ? "ಮುಂದಿನ ವರ್ಷ ನೋಡೋಣ."

ಇವತ್ತು ಮಧ್ಯಾಹ್ನ ಗೇಟಿನಿಂದ ನೇರ ನಮ್ಮ ಮನೆಗೇ ಬಂದಳು. ಮುಖ ನೋಡಿ, ಮಗುವನ್ನು ಅವಳ ಮಡಿಲಿಗೆ ಹಾಕಿ ತಟ್ಟೆ ತರಲು ಹೋದೆ. ಎರಡು ತುತ್ತಾದ ಮೇಲೆ ಅವಳೇ ಬಾಯಿ ಬಿಟ್ಟಳು. ಮೀಸೆಯಣ್ಣ ತಮ್ಮನ ಲಾರಿಯಲ್ಲಿ ಕ್ಲೀನರ್ ಸೀಟಿನಲ್ಲಿ ಕೂತು ಬಂದಿದ್ದನಂತೆ.

"ಎಲ್ಲಿಂದ ಬಂದ್ರಿ ಅಣ್ಣ?"

"ತಾಯಿ ಹೊಟ್ಟೆಯಿಂದ."

"ಎಲ್ಲಿಗೆ?"

"ಸುಡುಗಾಡಿಗೆ."

"ಯಾವ ದಾರಿ?"

"ನೀವು ತೋರಿಸಿಕೊಟ್ಟಿದ್ದೇ, ಮೇಡಂ."

"ಮೇಡಂ ಅಂದ ಕಣೇ," ಎಂದಳು ಅಕ್ಕ. ಬೈದಿದ್ದರೂ ಇಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ.

ಚೀಲದಿಂದ ಫಾರಂ ತೆಗೆದು ತೋರಿಸಿದಳು. ಮೂರೂ ಉತ್ತರ ಅವಳ ಗುಂಡು ಅಕ್ಷರದಲ್ಲಿ, ಆಯಾ ಕಾಲಮ್ಮಿನಲ್ಲಿ.

"ಅಯ್ಯೋ, ಇದನ್ನೂ ಕೊಡ್ತೀಯೇನೇ?"

"ಹೇಳಿದ್ದನ್ನ ಹೇಳಿದ ಹಾಗೆ ಬರೆಯೋದು ನನ್ನ ಕೆಲಸ. ನಾಳೆ ಸಾಹೇಬ್ರ ಮೇಜಿನ ಮೇಲೆ ಇಡ್ತೀನಿ. ಅವರು ಗೆರೆ ಎಲ್ಲಿ ಎಳೀತಾರೋ ಎಳೀಲಿ. ಆಮೇಲೆ ಗೇಟಿನ ನನ್ನ ಕುರ್ಚೀಲಿ ಬೇರೆ ಯಾರಾದ್ರೂ ಕೂರಲಿ."

ಮಗು ಫಾರಂ ಹರಿಯಲು ಕೈ ಹಾಕಿತು. ಮುಷ್ಟಿ ಬಿಡಿಸಿ, ನೀಟಾಗಿ ಮಡಚಿ, ಅಕ್ಕನ ಚೀಲಕ್ಕೆ ಹಾಕಿ ಝಿಪ್ ಎಳೆದೆ.